ವಸಂತದಲ್ಲಿ ನೀರಿಗಿಳಿಯುವ ದಾರಿಹೋಕ ಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಲಸೆ ಹಕ್ಕಿ ನೋಡಲು ಹೊಸದಾಗಿ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಎರಡೇ ಸಾಲು. ಕೆಲವಕ್ಕೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡಿದ್ದೇನೆ. ಬೇಸರವಾದರೆ ದಾಟಿಕೊಂಡು ಮುಂದೆ ಹೋಗಿ.

ವಲಸೆ ಹಕ್ಕಿ ಬರುವುದು ಚಳಿಗಾಲದಲ್ಲಿ ಅಲ್ವಾ? ವಸಂತದಲ್ಲಿ ಏನು ವಿಶೇಷ?

ಚಳಿಗಾಲಕ್ಕೆ ಬಂದ ಹಕ್ಕಿ ಬಿಡಾರ ಹೂಡಿ ಕೂರುತ್ತದೆ. ತಿಂಗಳುಗಟ್ಟಲೆ ಅದೇ ನೀರು, ಅದೇ ದಂಡೆ. ವಸಂತದ್ದು ಬೇರೆ ಕಥೆ. ಆಗ ಅವು ಮರಿ ಮಾಡುವ ಊರಿಗೆ ವಾಪಸ್ ಹೊರಟಿರುತ್ತವೆ. ಎಲ್ಲೋ ದಕ್ಷಿಣದಲ್ಲಿ ಚಳಿಗಾಲ ಕಳೆದು, ಎಲ್ಲೋ ಉತ್ತರದಲ್ಲಿ ಮೊಟ್ಟೆ ಇಡಬೇಕಾದ ಹಕ್ಕಿ ನಡುದಾರಿಯಲ್ಲಿ ಒಂದು ಕೆರೆಗೆ ನಾಲ್ಕು ದಿನ ಇಳಿಯುತ್ತದೆ. ಎಷ್ಟೋ ಜಾತಿಗಳು ಆ ಕೆರೆಯಲ್ಲಿ ವರ್ಷದ ಬೇರೆ ಹೊತ್ತಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ.

ಜೊತೆಗೆ ಅವಸರ. ಮೊದಲು ತಲುಪಿದ ಹಕ್ಕಿಗೆ ಒಳ್ಳೆಯ ಗೂಡಿನ ಜಾಗ, ಒಳ್ಳೆಯ ಜೋಡಿ. ಉತ್ತರ ಧ್ರುವದ ಕಡೆಯ ಟಂಡ್ರಾ ಬಯಲಲ್ಲಿ ಹಿಮ ಇಲ್ಲದ ದಿನಗಳೇ ಕಡಿಮೆ. ಅಷ್ಟರೊಳಗೆ ಮೊಟ್ಟೆ, ಮರಿ, ಮರಿಗೆ ರೆಕ್ಕೆ ಎಲ್ಲ ಆಗಬೇಕು. ಹಾಗಾಗಿ ಶರತ್ಕಾಲದಲ್ಲಿ ನಿಧಾನವಾಗಿ ಇಳಿದು ಬಂದ ದಾರಿಯನ್ನು ಹೆಚ್ಚಿನ ಹಕ್ಕಿಗಳು ವಸಂತದಲ್ಲಿ ಬೇಗ ಬೇಗ ಮುಗಿಸುತ್ತವೆ. ಮೈಮೇಲೆ ಹೊಸ ಬಣ್ಣ ಬೇರೆ. ನೋಡುವವರಿಗೆ ಇದೇ ಹಬ್ಬ.

ಸರಿಯಾಗಿ ಯಾವ ತಿಂಗಳಲ್ಲಿ ಹೋಗಬೇಕು?

ನೀವು ಎಷ್ಟು ಉತ್ತರದಲ್ಲಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಉತ್ತರ ಗೋಳಾರ್ಧದ ಬಿಸಿ ನಾಡುಗಳಿಂದ ಹಕ್ಕಿಗಳು ಫೆಬ್ರವರಿ ಕೊನೆಯಿಂದಲೇ ಕದಲುತ್ತವೆ, ಏಪ್ರಿಲ್ ಮುಗಿಯುವಷ್ಟರಲ್ಲಿ ಬಹುಪಾಲು ಖಾಲಿ. ಸಮಶೀತೋಷ್ಣ ವಲಯದಲ್ಲಿ ಮಾರ್ಚ್‌ನಲ್ಲಿ ಬಾತು, ಹೆಬ್ಬಾತು, ಕ್ರೌಂಚಗಳು ಮೊದಲು. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಗೊರವಗಳ, ಅಂದರೆ ಕೆಸರು ದಂಡೆಯಲ್ಲಿ ಹುಳು ಹೆಕ್ಕುವ ಹಕ್ಕಿಗಳ ಸರದಿ. ಆರ್ಕ್ಟಿಕ್ ಕಡೆ ಹೋಗುವ ಗೊರವಗಳು ತಡವಾಗಿಯೇ ಬರುತ್ತವೆ. ಅಲ್ಲಿ ಹಿಮ ಕರಗದೆ ಹೋಗಿ ಮಾಡುವುದೇನು? ದಕ್ಷಿಣ ಗೋಳಾರ್ಧದಲ್ಲಿ ಎಲ್ಲ ಉಲ್ಟಾ. ಅಲ್ಲಿನ ವಸಂತದಲ್ಲಿ, ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಇದೇ ಹಕ್ಕಿಗಳು ಸುಸ್ತಾಗಿ ಬಂದು ಇಳಿಯುತ್ತವೆ.

ಹಕ್ಕಿಗೆ ಕ್ಯಾಲೆಂಡರ್ ಅಂದರೆ ಹಗಲಿನ ಉದ್ದ. ಹಗಲು ಉದ್ದವಾಗುತ್ತಿದ್ದಂತೆ ಮೈಯೊಳಗಿನ ಹಾರ್ಮೋನು ಬದಲಾಗುತ್ತದೆ, ಹಸಿವು ಏರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಪಂಜರದಲ್ಲಿಟ್ಟ ವಲಸೆ ಹಕ್ಕಿ ಕೂಡ ಆ ದಿನಗಳಲ್ಲಿ ರಾತ್ರಿಯಿಡೀ ಚಡಪಡಿಸುತ್ತದೆ.

ದಾರಿಯಲ್ಲಿ ಯಾಕೆ ಇಳಿಯಬೇಕು? ಸೀದಾ ಹೋಗಬಾರದೇ?

ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಾದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ. ಅವು ಇಳಿಯುವುದು ತಿನ್ನುವುದಕ್ಕೆ. ಕೊಬ್ಬೇ ಅವುಗಳ ಪೆಟ್ರೋಲು. ಅಷ್ಟೇ ತೂಕದ ಪಿಷ್ಟಕ್ಕಿಂತ ಕೊಬ್ಬಿನಿಂದ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಸಿಗುತ್ತದೆ. ಉರಿದಾಗ ಮೈಗೆ ನೀರೂ ಸಿಗುತ್ತದೆ.

ಎಷ್ಟು ತಿನ್ನುತ್ತವೆ ಅಂತ ತಿಳಿಯಲು ಅಮೆರಿಕದ ಪೂರ್ವ ಕರಾವಳಿಯ ಡೆಲವೇರ್ ಕೊಲ್ಲಿ ನೋಡಿ. ದಕ್ಷಿಣ ಅಮೆರಿಕದ ತುದಿಯವರೆಗೂ ಹೋಗಿದ್ದ ರೆಡ್ ನಾಟ್ ಎಂಬ ಗೊರವಗಳು ಮೇ ತಿಂಗಳಲ್ಲಿ ಅಲ್ಲಿಗೆ ಬರುತ್ತವೆ. ಅದೇ ಹೊತ್ತಿಗೆ ಕುದುರೆಲಾಳದ ಏಡಿಗಳು ಲಕ್ಷಗಟ್ಟಲೆ ದಡಕ್ಕೆ ಬಂದು ಮರಳಲ್ಲಿ ಮೊಟ್ಟೆ ಇಡುತ್ತವೆ. ಸುಮಾರು 120 ಗ್ರಾಂ ತೂಗುತ್ತಾ ಬಂದಿಳಿದ ಹಕ್ಕಿ ಆ ಪುಟ್ಟ ಹಸಿರು ಮೊಟ್ಟೆಗಳನ್ನು ತಿಂದು, ಎರಡು ವಾರ ಚಿಲ್ಲರೆಯಲ್ಲಿ 180 ಗ್ರಾಂ ಮುಟ್ಟಿ ಆರ್ಕ್ಟಿಕ್‌ಗೆ ಹೊರಡುತ್ತದೆ. ಏಡಿಗಳನ್ನು ಮೀನು ಹಿಡಿಯುವ ಎರೆಗೆಂದು ಬೇಕಾಬಿಟ್ಟಿ ಹಿಡಿದ ವರ್ಷಗಳಲ್ಲಿ ಹಕ್ಕಿಗಳಿಗೆ ಈ ತೂಕ ಏರಲಿಲ್ಲ, ಸಂಖ್ಯೆಯೂ ಕುಸಿಯಿತು.

ಇನ್ನೊಂದು ಉದಾಹರಣೆ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಉದ್ದ ಕೊಕ್ಕಿನ ಗೊರವ. 2007ರಲ್ಲಿ ಇ7 ಎಂಬ ಹೆಣ್ಣು ಹಕ್ಕಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಯಂತ್ರ ಹಾಕಿದ್ದರು. ಅದು ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಿಂದ ಎದ್ದು ಸುಮಾರು 10,000 ಕಿಲೋಮೀಟರ್ ಒಂದೇ ಉಸಿರಿಗೆ ಹಾರಿ ಚೀನಾ-ಕೊರಿಯಾ ನಡುವಿನ ಹಳದಿ ಸಮುದ್ರದ ದಡಕ್ಕೆ ಇಳಿಯಿತು. ಅಲ್ಲಿ ವಾರಗಟ್ಟಲೆ ತಿಂದು ಆಮೇಲೆ ಅಲಾಸ್ಕಾಕ್ಕೆ ಹೋಯಿತು. ಈ ಹಕ್ಕಿಗಳು ದೊಡ್ಡ ಹಾರಾಟಕ್ಕೆ ಮುಂಚೆ ಹೊಟ್ಟೆ, ಕರುಳನ್ನೇ ಕುಗ್ಗಿಸಿಕೊಳ್ಳುತ್ತವೆ. ಹಾರುವಾಗ ಅವು ದಂಡ ಭಾರ ಅಲ್ವಾ? ಇಳಿದ ಮೇಲೆ ಮೊದಲು ಅವನ್ನು ಮತ್ತೆ ಬೆಳೆಸಿಕೊಳ್ಳಬೇಕು. ಬಂದ ದಿನ ಕೆಲವು ಹಕ್ಕಿ ಏನೂ ತಿನ್ನದೆ ನಿಂತಿರುವುದು ಕಂಡರೆ ಗಾಬರಿಯಾಗಬೇಡಿ.

ಒಂದು ಕಡೆ ಎಷ್ಟು ದಿನ ಇರುತ್ತವೆ?

ಕೆಲವು ಗಂಟೆಯಿಂದ ಮೂರು-ನಾಲ್ಕು ವಾರದವರೆಗೆ. ಚಿಕ್ಕ ಚಿಕ್ಕ ಹಾರಾಟದಲ್ಲಿ ಹೋಗುವವು ಬೇಗ ಎದ್ದು ಹೋಗುತ್ತವೆ. ಮುಂದೆ ಸಮುದ್ರವೋ ಮರುಭೂಮಿಯೋ ಇದ್ದರೆ ಜಾಸ್ತಿ ದಿನ ನಿಂತು ದಪ್ಪಗಾಗುತ್ತವೆ. ಹೊರಡುವ ದಿನ ಹತ್ತಿರವಾದ ಗೊರವವನ್ನು ಪಕ್ಕದಿಂದ ನೋಡಿ. ಹಿಂದೆ, ಬಾಲದ ಕೆಳಗೆ, ಹೊಟ್ಟೆ ಜೋತುಬಿದ್ದಿರುತ್ತದೆ. ನಡೆಯುವಾಗ ತುಂಬಿದ ಚೀಲ ಹೊತ್ತಂತೆ ಕಾಣುತ್ತದೆ.

ನಮ್ಮ ಹತ್ತಿರ ದೊಡ್ಡ ಜೌಗು ಪ್ರದೇಶ ಇಲ್ಲ. ಎಲ್ಲಿ ಹುಡುಕಲಿ?

ದೊಡ್ಡದೇ ಬೇಕು ಅಂತಿಲ್ಲ. ತಪ್ಪಾಗುವುದು ಎಲ್ಲಿ ಅಂದರೆ, ನಾವು ನೀರು ಹುಡುಕುತ್ತೇವೆ. ಹುಡುಕಬೇಕಾದದ್ದು ಕೆಸರು.

ತುಂಬಿ ತುಳುಕುವ ಕೆರೆ ನೋಡಲು ಚೆಂದ. ಆದರೆ ಚಿಕ್ಕ ಗೊರವಕ್ಕೆ ಅದರಲ್ಲಿ ಕಾಲಿಡಲೂ ಜಾಗವಿಲ್ಲ. ಅದರ ಕಾಲು ನಿಮ್ಮ ಕಿರುಬೆರಳಿಗಿಂತ ಉದ್ದ ಇರುವುದಿಲ್ಲ. ಎರಡು-ಮೂರು ಸೆಂಟಿಮೀಟರ್ ನೀರು ಅಥವಾ ಬರೀ ಒದ್ದೆ ಕೆಸರು ಅದಕ್ಕೆ ಸಾಕು. ಮೆಟ್ಟುಗಾಲು ಹಕ್ಕಿಗೆ ಮೊಣಕಾಲುದ್ದ ನೀರಾದರೂ ನಡೆಯುತ್ತದೆ, ಅದರ ಮೊಣಕಾಲು! ಮುಳುಗುವ ಬಾತುಗಳಿಗೆ ಆಳ ಬೇಕು. ತಲೆ ಮಾತ್ರ ಅದ್ದಿ ಬಾಲ ಮೇಲೆ ಮಾಡುವ ಬಾತುಗಳಿಗೆ ಆಳ ಇರಬಾರದು. ಹೀಗಾಗಿ ಒಂದೇ ಕೆರೆಯಲ್ಲಿ ಏರಿಯ ಕಡೆ ಒಂದು ಗುಂಪು, ನೀರು ಒಳಬರುವ ತೆಳು ಅಂಚಿನಲ್ಲಿ ಇನ್ನೊಂದು ಗುಂಪು. ನೀರು ಇಳಿಯುತ್ತಿರುವ ಕೆರೆಯಂಗಳ ಎಲ್ಲಕ್ಕಿಂತ ಒಳ್ಳೆಯದು. ದಿನಾ ಒಂದೊಂದು ಗೇಣು ಹೊಸ ಕೆಸರು ಬಯಲಾಗುತ್ತದೆ, ಅದರಲ್ಲಿ ಯಾರೂ ಕೈಹಾಕದ ಹುಳುಗಳಿರುತ್ತವೆ.

ಆದ್ದರಿಂದ ಇವನ್ನೆಲ್ಲ ನೋಡಿ: ನೀರು ನಿಂತ ಗದ್ದೆ, ಉಪ್ಪಿನ ಗದ್ದೆ, ನದಿ ಸಮುದ್ರ ಸೇರುವ ಅಳಿವೆ, ಅಣೆಕಟ್ಟಿನ ಹಿನ್ನೀರಿನ ತುದಿ, ಮಳೆಗೆ ತುಂಬಿದ ಹುಲ್ಲುಗಾವಲಿನ ಗುಂಡಿ. ಕೊಳಚೆ ನೀರು ಶುದ್ಧ ಮಾಡುವ ಹೊಂಡಗಳನ್ನೂ ಬಿಡಬೇಡಿ. ಮೂಗು ಮುಚ್ಚಿಕೊಂಡಾದರೂ ಹಕ್ಕಿ ನೋಡುವವರು ಅಲ್ಲಿಗೆ ಹೋಗುವುದು ಸುಮ್ನೆ ಅಲ್ಲ, ಅಲ್ಲಿ ಹುಳು ಹೇರಳ. ಒಳಗೆ ಹೋಗಲು ಅನುಮತಿ ಮಾತ್ರ ಕೇಳಿಕೊಳ್ಳಿ. ಜೊಂಡು ಬೆಳೆದ ಅಂಚಿದ್ದರೆ ಅದರೊಳಗಿನ ಚಿಕ್ಕ ಹಕ್ಕಿಗಳು ಉಚಿತ.

ನನ್ನ ಸಲಹೆ ಕೇಳಿದರೆ, ದೂರದ ಹೆಸರಾಂತ ಜಾಗಕ್ಕೆ ಒಮ್ಮೆ ಹೋಗುವ ಬದಲು ಹತ್ತಿರದ ಹಾಳು ಹೊಂಡಕ್ಕೆ ಹತ್ತು ಸಲ ಹೋಗಿ. ಹೆಸರಾಂತ ಜಾಗದಲ್ಲಿ ಹಕ್ಕಿ ಕಾಣುತ್ತದೆ. ವಲಸೆ ಕಾಣುವುದು, ಅಂದರೆ ನಿನ್ನೆ ಇಲ್ಲದ್ದು ಇವತ್ತು ಬಂದದ್ದು ಗೊತ್ತಾಗುವುದು, ದಿನಾ ನೋಡುವ ಹೊಂಡದಲ್ಲಿ.

ಬೆಳಗ್ಗೆ ಹೋಗಲೋ, ಸಂಜೆಯೋ?

ಒಳನಾಡಿನ ನೀರಾದರೆ ಬೆಳಕು ಹರಿದ ಮೊದಲ ಎರಡು-ಮೂರು ಗಂಟೆ, ಇಲ್ಲವೇ ಸಂಜೆಯ ಕೊನೆಯ ಎರಡು ಗಂಟೆ. ಮಧ್ಯಾಹ್ನ ಹಕ್ಕಿ ಇರುತ್ತದೆ, ಆದರೆ ಬಿಸಿ ಗಾಳಿಯ ನಡುಕದಲ್ಲಿ ಎಲ್ಲ ಕುದಿಯುವ ನೀರಿನಾಚೆ ಇದ್ದಂತೆ ಕಾಣುತ್ತದೆ. ಬಿಸಿಲು ನಿಮ್ಮ ಬೆನ್ನಿಗಿರಲಿ. ಎದುರು ಬಿಸಿಲಲ್ಲಿ ಎಲ್ಲ ಹಕ್ಕಿಯೂ ಕಪ್ಪೇ.

ಸಮುದ್ರದ ಹತ್ತಿರ ಗಡಿಯಾರ ನೋಡಬೇಡಿ, ಭರತ-ಇಳಿತದ ಪಟ್ಟಿ ನೋಡಿ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಮೈಲಿಗಟ್ಟಲೆ ಕೆಸರಲ್ಲಿ ಚದುರಿ ಚುಕ್ಕೆಗಳಾಗಿರುತ್ತವೆ. ನೀರು ಏರುತ್ತಿದ್ದಂತೆ ಅದು ಅವನ್ನು ನಿಮ್ಮ ಕಡೆಗೇ ತಳ್ಳಿಕೊಂಡು ಬರುತ್ತದೆ. ಪೂರ್ತಿ ಭರತಕ್ಕೆ ಎರಡು-ಮೂರು ಗಂಟೆ ಮುಂಚೆ ಹೋಗಿ ಕೂತರೆ ಸಾಕು, ನೀವು ನಡೆಯುವುದೇ ಬೇಡ.

ನಿನ್ನೆ ಸಾವಿರ ಹಕ್ಕಿ ಇದ್ದವು. ಇವತ್ತು ಕ್ಯಾಮೆರಾ ತಂದರೆ ಒಂದೂ ಇಲ್ಲ! ಯಾಕೆ?

ರಾತ್ರಿ ಹೋದವು. ಬಾತು, ಗೊರವ, ಚಿಕ್ಕ ಹಾಡುಹಕ್ಕಿಗಳಲ್ಲಿ ಬಹುಪಾಲು ಹಾರುವುದು ರಾತ್ರಿ. ಗಾಳಿ ತಣ್ಣಗಿರುತ್ತದೆ, ಅಲುಗಾಟ ಕಡಿಮೆ, ಬೇಟೆ ಹಕ್ಕಿಗಳ ಕಾಟವೂ ಕಡಿಮೆ. ಹಗಲು ತಿನ್ನುವುದಕ್ಕೆ ಉಳಿಯುತ್ತದೆ. ಕೊಕ್ಕರೆ, ಹದ್ದು, ಕ್ರೌಂಚಗಳು ಮಾತ್ರ ಬಿಸಿಗಾಳಿಯ ಸುಳಿಯಲ್ಲಿ ತೇಲಿಕೊಂಡು ಹಗಲಲ್ಲಿ ಹೋಗುತ್ತವೆ.

ಅವು ಕಾಯುವುದು ಬೆನ್ನುಗಾಳಿಗೆ. ಉತ್ತರ ಗೋಳಾರ್ಧದ ವಸಂತದಲ್ಲಿ ತೆಳು ಮೋಡ, ದಕ್ಷಿಣದಿಂದ ಹಿತವಾದ ಗಾಳಿ ಇದ್ದ ರಾತ್ರಿ ಹೊಂಡಗಳು ಖಾಲಿಯಾಗುತ್ತವೆ. ಎದುರುಗಾಳಿಯೋ ಜಡಿಮಳೆಯೋ ಬಂದರೆ ಮೇಲಿದ್ದವೂ ಸಿಕ್ಕ ನೀರಿಗೆ ಇಳಿದುಬಿಡುತ್ತವೆ. ಆದ್ದರಿಂದ ನಮಗೆ ಕೆಟ್ಟ ಹವೆ ಬಂದ ಮರುದಿನ ಬೆಳಗ್ಗೆ ರಜೆ ಹಾಕಲು ಯೋಗ್ಯ. ಮಳೆ ನೋಡುವ ಹವಾಮಾನ ರಾಡಾರಿನಲ್ಲಿ ಈ ಹಕ್ಕಿಗಳ ದಂಡೂ ಕಾಣುತ್ತದೆ. ಸೂರ್ಯ ಮುಳುಗಿ ಅರ್ಧ-ಮುಕ್ಕಾಲು ಗಂಟೆಗೆ ಪರದೆ ಮೇಲೆ ಅವು ಅರಳಿದ ಹಾಗೆ ಹರಡುತ್ತವೆ.

ಬೈನಾಕ್ಯುಲರ್ ಯಾವುದು ಕೊಳ್ಳಲಿ?

8x42. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್. ಹತ್ತು ಪಟ್ಟಿನದ್ದರಲ್ಲಿ ಕೈನಡುಕವೂ ಹತ್ತು ಪಟ್ಟು. ಹದಿನಾರು-ಇಪ್ಪತ್ತು ಪಟ್ಟು ಅಂತ ಆಸೆ ಹುಟ್ಟಿಸುವ ಅಗ್ಗದವನ್ನು ಮುಟ್ಟಬೇಡಿ. ದೂರದ ಕೆಸರಿಗೆ ಮೂರು ಕಾಲಿನ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪ್ ಇದ್ದರೆ ಚೆನ್ನ. ಆದರೆ ಮೊದಲ ವರ್ಷವೇ ಬೇಕಿಲ್ಲ. ಅದು ಇರುವವರ ಪಕ್ಕ ನಿಂತು ನಗುಮುಖದಿಂದ ನೋಡಿ, ಅವರೇ ಕರೆಯುತ್ತಾರೆ.

ಎಲ್ಲ ಗೊರವಗಳೂ ಒಂದೇ ಥರ ಕಂದು ಬಣ್ಣ. ಹೇಗೆ ಗುರುತಿಸುವುದು?

ಬಣ್ಣ ಕೊನೆಗಿರಲಿ. ಮೊದಲು ಹಕ್ಕಿ ಏನು ಮಾಡುತ್ತಿದೆ ನೋಡಿ. ಹತ್ತು ನಿಮಿಷ ಒಂದೇ ಹಕ್ಕಿಯ ಮೇಲೆ ಕಣ್ಣಿಡಿ.

ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ತಲೆ ವಾರೆ ಮಾಡಿ, ಒಂದು ಸಲ ಕುಕ್ಕಿ, ಮತ್ತೆ ಓಡುತ್ತಿದೆಯೇ? ಅದು ಪ್ಲೋವರ್ ಜಾತಿ. ಕಣ್ಣು ದೊಡ್ಡದು, ಕೊಕ್ಕು ಗಿಡ್ಡ. ಕಣ್ಣಿಂದ ಹುಳು ಹುಡುಕುವ ಹಕ್ಕಿ ಅದು. ತಲೆಯನ್ನೇ ಎತ್ತದೆ ಹೊಲಿಗೆ ಯಂತ್ರದ ಸೂಜಿಯ ಹಾಗೆ ಟಕಟಕ ಕುಕ್ಕುತ್ತಾ ಹೋಗುತ್ತಿದ್ದರೆ ಚಿಕ್ಕ ಗೊರವ, ಅಂದರೆ ಸ್ಯಾಂಡ್‌ಪೈಪರ್ ಕಡೆಯದು. ಅದು ಹುಡುಕುವುದು ಕೊಕ್ಕಿನ ತುದಿಯಿಂದ. ಆ ತುದಿಯಲ್ಲಿ ಸ್ಪರ್ಶ ತಿಳಿಯುವ ಸಾವಿರಾರು ಸೂಕ್ಷ್ಮ ಕಣಗಳಿವೆ. ಕೆಸರೊಳಗೆ ಹುಳು ಕದಲಿದರೆ, ಇಲ್ಲವೇ ಗಟ್ಟಿ ಚಿಪ್ಪೊಂದು ಅಡಗಿದ್ದರೆ, ಅದಕ್ಕೆ ಗೊತ್ತಾಗುತ್ತದೆ. ಗಾಡ್‌ವಿಟ್‌ನಂಥ ಉದ್ದ ಕೊಕ್ಕಿನವು ಮುಖದವರೆಗೂ ಕೊಕ್ಕು ಹೂತು, ಇಡೀ ಬಾಯಿ ತೆರೆಯದೆ ತುದಿಯೊಂದನ್ನೇ ಚಿಮಟದಂತೆ ಬಿಡಿಸಿ ಹುಳು ಹಿಡಿಯುತ್ತವೆ. ತಲೆ ಎತ್ತಿದಾಗ ಹಣೆಗೆಲ್ಲ ಕೆಸರು.

ಕೊಕ್ಕನ್ನು ಕತ್ತಿ ಬೀಸಿದ ಹಾಗೆ ಅತ್ತ ಇತ್ತ ಆಡಿಸುತ್ತಿದ್ದರೆ, ಆ ಕೊಕ್ಕು ಮೇಲಕ್ಕೆ ಬಾಗಿದ್ದರೆ, ಅವೊಸೆಟ್. ನೀರ ಮೇಲೆ ಬುಗುರಿಯಂತೆ ಗಿರಗಿರ ತಿರುಗುತ್ತಿದ್ದರೆ ಫ್ಯಾಲರೋಪ್. ಹಾಗೆ ತಿರುಗಿ ಕೆಳಗಿನ ಹುಳುಗಳನ್ನು ಸುಳಿಗೆ ಸಿಕ್ಕಿಸಿ ಮೇಲೆ ತರುತ್ತದೆ. ದಂಡೆಯಲ್ಲಿ ನಡೆಯುತ್ತಾ ಹಿಂಬದಿ ಕುಣಿಸುತ್ತಿದ್ದರೆ ಅದು ಗೊರವವೇ ಅಲ್ಲದೆ ನಮ್ಮ ಕುಂಡೆಕುಸ್ಕ ಇದ್ದೀತು. ಆದರೆ ಕಾಮನ್ ಸ್ಯಾಂಡ್‌ಪೈಪರ್ ಕೂಡ ಹಾಗೇ ಕುಣಿಸುತ್ತದೆ, ಮೋಸ ಹೋಗಬೇಡಿ.

ಇವೆಲ್ಲ ಒಂದೇ ಕೆಸರಲ್ಲಿ ಜಗಳವಿಲ್ಲದೆ ತಿನ್ನುವುದು ಇದರಿಂದಲೇ. ಒಂದೊಂದು ಉದ್ದದ ಕೊಕ್ಕಿಗೆ ಒಂದೊಂದು ಆಳದ ಊಟ. ಕೆನಡಾದ ಫ್ರೇಸರ್ ನದಿಯ ಅಳಿವೆಯಲ್ಲಿ ವೆಸ್ಟರ್ನ್ ಸ್ಯಾಂಡ್‌ಪೈಪರ್‌ಗಳು ಹುಳುವನ್ನಷ್ಟೇ ಅಲ್ಲ, ಕೆಸರ ಮೇಲಿನ ಲೋಳೆ ಪದರವನ್ನೂ ನಾಲಿಗೆಯಿಂದ ಬಳಿದು ತಿನ್ನುತ್ತವೆ. ಮಿಲಿಮೀಟರ್ ದಪ್ಪವೂ ಇಲ್ಲದ ಪಾಚಿ-ಬ್ಯಾಕ್ಟೀರಿಯಾದ ಪದರ ಅದು.

ಪುಸ್ತಕದ ಚಿತ್ರಕ್ಕೂ ಎದುರಿನ ಹಕ್ಕಿಗೂ ಹೊಂದುವುದೇ ಇಲ್ಲವಲ್ಲ?

ವಸಂತದಲ್ಲಿ ಅವು ಬಟ್ಟೆ ಬದಲಿಸುತ್ತಿರುತ್ತವೆ. ಚಳಿಗಾಲದ ಬೂದು ಗರಿ ಉದುರಿ ಮದುವೆಯ ಗರಿ ಬರುವ ಹೊತ್ತು. ಒಂದೇ ಗುಂಪಿನಲ್ಲಿ ಪೂರ್ತಿ ಇಟ್ಟಿಗೆ ಕೆಂಪಿನ ಗಾಡ್‌ವಿಟ್, ಪೂರ್ತಿ ಬೂದಿನದು, ನಡುವೆ ಚಿಂದಿ ಚಿಂದಿಯಾದದ್ದು ಮೂರೂ ಸಿಗುತ್ತವೆ. ಡನ್ಲಿನ್ ಎಂಬ ಚಿಕ್ಕ ಗೊರವಕ್ಕೆ ಹೊಟ್ಟೆ ಮೇಲೆ ಮಸಿ ಚೆಲ್ಲಿದಂಥ ಕಪ್ಪು ಬರುತ್ತದೆ. ರಫ್ ಎಂಬ ಗೊರವದ ಗಂಡಿಗೆ ಕೊರಳ ಸುತ್ತ ಗರಿಯ ಕೊರಳಪಟ್ಟಿ, ಒಂದೊಂದಕ್ಕೆ ಒಂದೊಂದು ಬಣ್ಣ. ಫ್ಯಾಲರೋಪ್‌ನಲ್ಲಿ ಹೆಣ್ಣೇ ಹೆಚ್ಚು ಬಣ್ಣದ್ದು, ಕಾವು ಕೂರುವುದು ಗಂಡು.

ಗೊತ್ತಾಗದಿದ್ದರೆ "ಚಿಕ್ಕ ಗೊರವ, ಜಾತಿ ತಿಳಿಯಲಿಲ್ಲ" ಅಂತ ಬರೆದಿಡಿ. ಮೂವತ್ತು ವರ್ಷ ನೋಡಿದವರ ಟಿಪ್ಪಣಿಯಲ್ಲೂ ಈ ಸಾಲು ಇರುತ್ತದೆ.

ಎಷ್ಟು ಹತ್ತಿರ ಹೋಗಬಹುದು?

ಇಷ್ಟೇ ಮೀಟರ್ ಅಂತ ಹೇಳಲು ಬರುವುದಿಲ್ಲ. ಹಕ್ಕಿಯೇ ಹೇಳುತ್ತದೆ, ಕೇಳಿಸಿಕೊಳ್ಳಬೇಕು ಅಷ್ಟೇ.

ನಾನು ಇದನ್ನು ಕಲಿತದ್ದು ಬೈಸಿಕೊಂಡು. ಮೊದಲ ವರ್ಷ, ಕೈಯಲ್ಲಿ ಹೊಸ ಕ್ಯಾಮೆರಾ. ಎದುರು ದಂಡೆಯಲ್ಲಿ ಮುನ್ನೂರು ಗಾಡ್‌ವಿಟ್ ಇದ್ದವು. ಇನ್ನು ಹತ್ತೇ ಹೆಜ್ಜೆ ಅಂತ ಏರಿ ಇಳಿದು ಕೆಸರಿಗೆ ಕಾಲಿಟ್ಟೆ. ಹತ್ತಿರದ ನಾಲ್ಕಾರು ಹಕ್ಕಿ ಕುತ್ತಿಗೆ ಉದ್ದ ಮಾಡಿದವು. ನಿಂತೆ. ಮತ್ತೆ ಹೆಜ್ಜೆ ಇಟ್ಟೆ. ತಿನ್ನುತ್ತಿದ್ದವೆಲ್ಲ ತಿನ್ನುವುದು ಬಿಟ್ಟು ಒಂದೇ ದಿಕ್ಕಿಗೆ ನಡೆಯತೊಡಗಿದವು. ಕಣ್ಣು ವ್ಯೂಫೈಂಡರ್‌ನಲ್ಲೇ ಇದ್ದದ್ದರಿಂದ ನನಗೆ ಅದು ಚೆಂದದ ಸಾಲಾಗಿ ಕಂಡಿತೇ ಹೊರತು ಅರ್ಥವಾಗಲಿಲ್ಲ. ಇನ್ನೊಂದು ಹೆಜ್ಜೆ. ಮುನ್ನೂರೂ ಎದ್ದವು. ಎರಡು ಸುತ್ತು ಹಾಕಿ ದಿಗಂತಕ್ಕೆ ಹೋದವು. ನನಗೆ ಸಿಕ್ಕಿದ್ದು ಮುನ್ನೂರು ಬಾಲಗಳ ಮಸುಕು ಚಿತ್ರ. ಏರಿಯ ಮೇಲಿನ ಮರದ ಬುಡದಲ್ಲಿ ಒಬ್ಬ ಹಿರಿಯರು ಕೂತಿದ್ದರು, ನಾನು ನೋಡಿರಲೇ ಇಲ್ಲ. "ಬೆಳಗ್ಗೆ ಆರರಿಂದ ಕೂತಿದ್ದೆ ಮಾರಾಯ, ಅವು ನನ್ನ ಕಡೆಗೇ ತಿಂದುಕೊಂಡು ಬರ್ತಾ ಇದ್ವು" ಅಂದರು. ಜೋರು ಮಾಡಲಿಲ್ಲ. ಅದೇ ಜಾಸ್ತಿ ನಾಟಿತು.

ಒಂದು ಸಲ ಎಬ್ಬಿಸಿದರೆ ಏನಾಗುತ್ತದೆ ಅನಿಸಬಹುದು. ಹಾರಾಟದಷ್ಟು ದುಬಾರಿ ಕೆಲಸ ಹಕ್ಕಿಗೆ ಇನ್ನೊಂದಿಲ್ಲ. ತಿಂದದ್ದು ಖರ್ಚು, ತಿನ್ನುವ ಹೊತ್ತೂ ಹೋಯಿತು. ನೀವು ಹೋದ ಮೇಲೆ ಇನ್ನೊಬ್ಬರು, ಆಮೇಲೆ ಒಂದು ನಾಯಿ, ಆಮೇಲೆ ಒಂದು ದೋಣಿ. ದಿನಕ್ಕೆ ಹತ್ತು ಸಲ ಎದ್ದ ಹಕ್ಕಿ ಯಾವಾಗ ದಪ್ಪಗಾಗಬೇಕು?

ಹಾಗಾಗಿ ಕುತ್ತಿಗೆ ಉದ್ದವಾದರೆ ನಿಲ್ಲಿ. ತಿನ್ನುವುದು ಬಿಟ್ಟರೆ ಹಿಂದೆ ಸರಿಯಿರಿ. ನೀರಿನ ಅಂಚಿಗೆ ಬಂದು ಆಕಾಶಕ್ಕೆ ಎದುರಾಗಿ ನಿಲ್ಲಬೇಡಿ, ನೆರಳಿಗೋ ಪೊದೆಗೋ ಒರಗಿ ಕೂರಿ. ಕಾರಿನೊಳಗೇ ಕೂತರೆ ಇನ್ನೂ ವಾಸಿ. ಕಾರಿಗೆ ಹೆದರದ ಹಕ್ಕಿ ಅದರಿಂದ ಇಳಿದ ಮನುಷ್ಯನಿಗೆ ಹೆದರುತ್ತದೆ.

ಡ್ರೋನ್ ಹಾರಿಸಬಹುದೇ? ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯಬಹುದೇ?

ಬೇಡ. ಎರಡೂ ಬೇಡ. ಮೇಲಿಂದ ಬರುವ ಯಾವುದೇ ವಸ್ತು ಅವುಗಳ ಲೆಕ್ಕದಲ್ಲಿ ಗಿಡುಗ.

ನಾಯಿ ಕರೆದುಕೊಂಡು ಹೋಗಬಹುದೇ? ಮಕ್ಕಳನ್ನು?

ನಾಯಿ ಮನೆಯಲ್ಲಿರಲಿ, ಹಗ್ಗ ಕಟ್ಟಿದ್ದರೂ ಅಷ್ಟೇ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಅವರ ಕಣ್ಣು ಚುರುಕು. ಒಂದೇ ಷರತ್ತು, ಹೊರಡುವ ಸಮಯ ಅವರು ಹೇಳಿದ್ದು.

ತಿನ್ನಲು ಬ್ರೆಡ್ಡೋ ಕಾಳೋ ಹಾಕಿದರೆ ಅವಕ್ಕೆ ಸಹಾಯ ಅಲ್ವಾ?

ಅಲ್ಲ. ಗೊರವ ಅದನ್ನು ಮುಟ್ಟುವುದೇ ಇಲ್ಲ. ಬಾತು ತಿನ್ನುತ್ತದೆ, ಆದರೆ ಬ್ರೆಡ್ಡಿನಲ್ಲಿ ಅದಕ್ಕೆ ಬೇಕಾದ್ದು ಇಲ್ಲ. ಉಳಿದದ್ದು ನೀರಲ್ಲಿ ಕೊಳೆಯುತ್ತದೆ. ಕಾಗೆ, ನಾಯಿಗಳು ಬರುತ್ತವೆ.

ಇಡೀ ಗುಂಪು ಇದ್ದಕ್ಕಿದ್ದಂತೆ ಎದ್ದು ಚೆಂಡಿನ ಹಾಗೆ ತಿರುಗಿತು. ನಾನೇನೂ ಮಾಡಿಲ್ಲ!

ಮೇಲೆ ನೋಡಿ. ಜೌಗಿನ ಮೇಲೆ ತಗ್ಗಾಗಿ ತೇಲುವ ಸೆಳೆವ ಇರಬಹುದು, ಇಲ್ಲವೇ ಪೆರೆಗ್ರಿನ್ ಚಾಣ. ಬೇಟೆ ಹಕ್ಕಿಗಳೂ ಇದೇ ದಾರಿಯಲ್ಲಿ ವಲಸೆ ಹೋಗುತ್ತವೆ, ಬುತ್ತಿ ಜೊತೆಯಲ್ಲೇ ಹಾರುತ್ತಿರುತ್ತದೆ. ಚಾಣ ಬಂದಾಗ ಗುಂಪು ಒತ್ತೊತ್ತಾಗಿ, ಒಮ್ಮೆ ಬಿಳಿ ಒಮ್ಮೆ ಕಂದು ಮಿನುಗುತ್ತಾ ಹೊರಳುತ್ತದೆ. ಅಂಥ ಗುಂಪಿನಿಂದ ಒಂದನ್ನು ಆರಿಸಿಕೊಳ್ಳುವುದು ಚಾಣಕ್ಕೂ ಕಷ್ಟ.

ಒಂದೇ ಕಾಲಲ್ಲಿ ನಿಂತ ಹಕ್ಕಿಗೆ ಇನ್ನೊಂದು ಕಾಲು ಇಲ್ಲವೇ?

ಇದೆ, ಹೊಟ್ಟೆಯ ಗರಿಯೊಳಗೆ ಬೆಚ್ಚಗಿದೆ. ಕೊಕ್ಕನ್ನೂ ಬೆನ್ನಿನ ಗರಿಯಲ್ಲಿ ಸಿಕ್ಕಿಸಿ ಮಲಗುತ್ತವೆ. ಕೆಲವು ಮೊಂಡು ಬಿದ್ದು, ಎಬ್ಬಿಸಿದರೆ ಒಂದೇ ಕಾಲಲ್ಲಿ ಕುಂಟುತ್ತಾ ಹೋಗುತ್ತವೆ ವಿನಾ ಇನ್ನೊಂದು ಕಾಲು ಬಿಡುವುದಿಲ್ಲ.

ಕಾಲಿಗೆ ಬಣ್ಣದ ಪಟ್ಟಿ ಇರುವ ಹಕ್ಕಿ ಕಂಡಿತು. ಯಾರದು? ಏನು ಮಾಡಲಿ?

ಅದೃಷ್ಟವಂತರು ನೀವು. ಯಾರೋ ಎಲ್ಲೋ ಆ ಹಕ್ಕಿಯನ್ನು ಹಿಡಿದು, ತೂಗಿ, ಗುರುತು ಹಾಕಿ ಬಿಟ್ಟಿದ್ದಾರೆ. ಪಟ್ಟಿ ಯಾವ ಕಾಲಲ್ಲಿತ್ತು, ಮೊಣಕಾಲಿಗಿಂತ ಮೇಲೋ ಕೆಳಗೋ, ಬಣ್ಣ, ಅದರ ಮೇಲಿನ ಅಕ್ಷರ ಇಷ್ಟನ್ನೂ ಬರೆದುಕೊಳ್ಳಿ, ಆಗುವುದಾದರೆ ಫೋಟೋ ತೆಗೆಯಿರಿ. ಒಂದೊಂದು ಹಾರುದಾರಿಯಲ್ಲಿ ಬಣ್ಣಕ್ಕೆ ಒಂದೊಂದು ಅರ್ಥ. ಪೂರ್ವ ಏಷ್ಯಾ-ಆಸ್ಟ್ರೇಲಿಯಾ ದಾರಿಯಲ್ಲಿ ಬರೀ ಕಿತ್ತಳೆ ಪಟ್ಟಿ ಇದ್ದರೆ ಆಸ್ಟ್ರೇಲಿಯಾದ ವಿಕ್ಟೋರಿಯಾದ್ದು, ಬಿಳಿ ಆದರೆ ನ್ಯೂಜಿಲೆಂಡಿನದು. ನಿಮ್ಮ ದೇಶದ ಉಂಗುರ ಯೋಜನೆಗೆ ಕಳಿಸಿದರೆ ಆ ಹಕ್ಕಿಯ ಹಿಂದಿನ ಕಥೆ ನಿಮಗೂ ಬರುತ್ತದೆ.

ಈ ಕೆಲಸ ಶುರುವಾದದ್ದು 1899ರಲ್ಲಿ. ಡೆನ್ಮಾರ್ಕಿನ ಮೇಷ್ಟರು ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ನಂಬರು ಕೊರೆದ ಅಲ್ಯೂಮಿನಿಯಂ ಉಂಗುರ ಹಾಕಿ ಬಿಟ್ಟರು. ಅದಕ್ಕೂ ಮುಂಚೆ, ಚಳಿಗಾಲದಲ್ಲಿ ಹಕ್ಕಿಗಳು ಎಲ್ಲಿ ಹೋಗುತ್ತವೆ ಅನ್ನುವುದೇ ಯುರೋಪಿನವರಿಗೆ ಒಗಟು. ಕೆರೆಯ ಕೆಸರೊಳಗೆ ಮಲಗುತ್ತವೆ ಅಂತ ನಂಬಿದವರೂ ಇದ್ದರು. 1822ರಲ್ಲಿ ಜರ್ಮನಿಯಲ್ಲಿ ಒಂದು ಬಿಳಿ ಕೊಕ್ಕರೆ ಸಿಕ್ಕಿತು, ಅದರ ಕುತ್ತಿಗೆಯಲ್ಲಿ ಆಫ್ರಿಕಾದ ಈಟಿ ಚುಚ್ಚಿಕೊಂಡಿತ್ತು. ಈಟಿ ಹೊತ್ತುಕೊಂಡೇ ಆಫ್ರಿಕಾದಿಂದ ಹಾರಿ ಬಂದಿತ್ತು. ಆ ಕೊಕ್ಕರೆ ಈಗಲೂ ರಾಸ್ಟಾಕ್ ವಿಶ್ವವಿದ್ಯಾಲಯದಲ್ಲಿದೆ, ಈಟಿ ಸಮೇತ.

ಒಂದೇ ಹಕ್ಕಿ ಎಷ್ಟು ವರ್ಷ ಹೋಗಿ ಬರುತ್ತದೆ ಅನ್ನುವುದೂ ಉಂಗುರದಿಂದಲೇ ತಿಳಿದದ್ದು. 1995ರಲ್ಲಿ ಅರ್ಜೆಂಟೀನಾದ ದಕ್ಷಿಣ ತುದಿಯಲ್ಲಿ ಉಂಗುರ ತೊಟ್ಟ ರೆಡ್ ನಾಟ್ ಒಂದು, ಬಿ95 ಅಂತ ಅದರ ಗುರುತು, 2014ರಲ್ಲೂ ಕಂಡಿತ್ತು. ಅಷ್ಟರಲ್ಲಿ ಅದು ಹಾರಿದ ದೂರ ಚಂದ್ರನನ್ನು ದಾಟಿತ್ತು.

ಸಾವಿರಾರು ಹಕ್ಕಿ ಎಣಿಸುವುದು ಹೇಗೆ?

ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ತುಂಬುತ್ತವೆ ಅಂತ ಕಣ್ಣಲ್ಲೇ ಒಂದು ಚೌಕಟ್ಟು ಹಿಡಿಯಿರಿ. ಅಂಥ ಹತ್ತು ಚೌಕಟ್ಟು ನೂರು. ನೂರರ ಚೌಕಟ್ಟು ಹಿಡಿದು ಮುಂದೆ ಹೋಗಿ. ಹೊಸಬರ ಎಣಿಕೆ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಎಣಿಕೆಯನ್ನು ಇಬರ್ಡ್‌ನಲ್ಲಿ ಹಾಕಿ. ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ 2002ರಲ್ಲಿ ಶುರುಮಾಡಿದ ಈ ತಾಣಕ್ಕೆ ಯಾರು ಬೇಕಾದರೂ ಪಟ್ಟಿ ಕೊಡಬಹುದು. ಮೇ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ, ಆ ದಿನ ಜಗತ್ತಿನಾದ್ಯಂತ ಎಣಿಸುತ್ತಾರೆ. ಏನೂ ಕಾಣದ ದಿನವನ್ನೂ ಬರೆಯಿರಿ.

ಸತ್ತ ಹಕ್ಕಿ, ಹಾರಲಾಗದ ಹಕ್ಕಿ ಕಂಡರೆ?

ಕೈಯಲ್ಲಿ ಮುಟ್ಟಬೇಡಿ, ಹಕ್ಕಿಜ್ವರದ ಭಯವಿದೆ. ಮೂರ್ನಾಲ್ಕು ಒಟ್ಟಿಗೆ ಸತ್ತಿದ್ದರೆ ಅರಣ್ಯ ಅಥವಾ ಪಶುವೈದ್ಯ ಇಲಾಖೆಗೆ ಕೂಡಲೇ ತಿಳಿಸಿ. ಸುಸ್ತಾಗಿ ಕೂತ ಹಕ್ಕಿಗೆ ಬೇಕಾದದ್ದು ನಾವು ದೂರ ಹೋಗುವುದು.

ಅವಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ?

ಸೂರ್ಯ, ನಕ್ಷತ್ರ, ಭೂಮಿಯ ಕಾಂತಶಕ್ತಿ, ಜೊತೆಗೆ ನದಿ-ಕರಾವಳಿಯ ಗುರುತು. 1960ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಮ್ಲೆನ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಬುಡದಲ್ಲಿ ಶಾಯಿ, ಸುತ್ತ ಬಿಳಿ ಕಾಗದದ ಗೋಡೆ ಇರುವ ಆಲಿಕೆಯಂಥ ಪಂಜರದಲ್ಲಿ ಇಂಡಿಗೊ ಬಂಟಿಂಗ್ ಹಕ್ಕಿಯನ್ನು ಕೂರಿಸಿ, ತಾರಾಲಯದ ಕೃತಕ ಆಕಾಶದ ಕೆಳಗಿಟ್ಟರು. ಹಕ್ಕಿ ಹಾರಲು ಎಗರಿದಾಗಲೆಲ್ಲ ಕಾಗದದ ಮೇಲೆ ಶಾಯಿಯ ಹೆಜ್ಜೆ. ವಸಂತದಲ್ಲಿ ಹೆಜ್ಜೆಗಳೆಲ್ಲ ಉತ್ತರಕ್ಕೆ. ನಕ್ಷತ್ರಗಳನ್ನು ಉಲ್ಟಾ ಮಾಡಿದರೆ ಹೆಜ್ಜೆಗಳೂ ಉಲ್ಟಾ.

ಒಂದು ಜೌಗು ಹೋದರೆ ಪಕ್ಕದ್ದಕ್ಕೆ ಹೋಗುತ್ತವೆ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿದ್ದರು. ದಕ್ಷಿಣ ಕೊರಿಯಾದ ಸೇಮಂಗಮ್‌ನಲ್ಲಿ 33 ಕಿಲೋಮೀಟರ್ ಉದ್ದದ ಕಡಲಗೋಡೆ ಕಟ್ಟಿ 2006ರಲ್ಲಿ ಬಾಯಿ ಮುಚ್ಚಿದರು. ಭರತ-ಇಳಿತ ನಿಂತಿತು, ಕೆಸರು ಒಣಗಿತು, ಚಿಪ್ಪು ಹುಳುಗಳು ಸತ್ತವು. ಅಲ್ಲಿ ವಸಂತಕ್ಕೆ ಇಳಿಯುತ್ತಿದ್ದ ಹತ್ತಾರು ಸಾವಿರ ಗ್ರೇಟ್ ನಾಟ್ ಹಕ್ಕಿಗಳು ಪಕ್ಕದ ಅಳಿವೆಗಳಲ್ಲಿ ಸಿಗಲಿಲ್ಲ. ದೂರದ ಆಸ್ಟ್ರೇಲಿಯಾದಲ್ಲಿ, ಅವು ಚಳಿಗಾಲಕ್ಕೆ ಹೋಗುವ ದಡಗಳಲ್ಲೇ ಎಣಿಕೆ ಇಳಿಯಿತು. ಪಕ್ಕದ ಕೆಸರಲ್ಲಿ ಆಗಲೇ ಬೇರೆ ಹಕ್ಕಿಗಳು ತಿನ್ನುತ್ತಿರುತ್ತವೆ. ಅಲ್ಲಿ ಖಾಲಿ ಎಲೆ ಇರುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಹಳದಿ ಸಮುದ್ರದ ಚೀನಾ ದಡದ ಕೆಲವು ಭಾಗ 2019ರಲ್ಲಿ, ಕೊರಿಯಾದ ಕೆಲವು ಕೆಸರು ಬಯಲು 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸ್ವೀಡನ್ನಿನ ಹಾರ್ನ್‌ಬೋರ್ಯಾ ಸರೋವರವನ್ನು ಹೊಲಕ್ಕಾಗಿ ಮತ್ತೆ ಮತ್ತೆ ಬತ್ತಿಸಿದ್ದರು. 1990ರ ದಶಕದಲ್ಲಿ ನೀರು ಮತ್ತೆ ತುಂಬಿಸಿದರು. ಈಗ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಅಲ್ಲಿ ಸಾವಿರಾರು ಕ್ರೌಂಚಗಳು ಕುಣಿಯುತ್ತವೆ. ಜೌಗು ನೆಲಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇರಾನಿನ ರಾಮ್‌ಸರ್‌ನಲ್ಲಿ 1971ರ ಫೆಬ್ರವರಿ 2ರಂದು ಸಹಿ ಬಿದ್ದದ್ದೂ ನೀರುಹಕ್ಕಿಗಳ ಚಿಂತೆಯಿಂದಲೇ. ಪಟ್ಟಿಗೆ ಸೇರದ ಚಿಕ್ಕ ಹೊಂಡಗಳನ್ನು ಮುಚ್ಚುವಾಗ ಮಾತ್ರ ಯಾರೂ ಎಣಿಸುವುದಿಲ್ಲ. ನಿಮ್ಮ ಹತ್ತು ವರ್ಷದ ಪಟ್ಟಿ ಇದ್ದರೆ ಆಗ ಮುಂದಿಡಲು ಒಂದು ಕಾಗದವಾದರೂ ಇರುತ್ತದೆ.

ಅವು ಹೊರಡುವುದನ್ನು ಕಣ್ಣಾರೆ ನೋಡಬಹುದೇ?

ನೋಡಬಹುದು, ತಾಳ್ಮೆ ಬೇಕು. ಬೆನ್ನುಗಾಳಿ ಇರುವ ಸಂಜೆ ಆರಿಸಿಕೊಳ್ಳಿ. ಸೂರ್ಯ ಮುಳುಗಲು ಒಂದೆರಡು ಗಂಟೆ ಇರುವಾಗಲೇ ಹೋಗಿ ಕೂರಿ. ಮೊದಲು ಗುಂಪಿನಲ್ಲಿ ಗದ್ದಲ ಏಳುತ್ತದೆ. ದಿನವಿಡೀ ಸದ್ದಿಲ್ಲದೆ ತಿಂದ ಹಕ್ಕಿಗಳು ಒಂದೇ ಸಮನೆ ಕೂಗುತ್ತವೆ. ಕೆಲವು ಮಿಂದು ಗರಿ ಕೊಡವುತ್ತವೆ. ಒಂದು ಇಪ್ಪತ್ತು-ಮೂವತ್ತು ಎದ್ದು ನೀರ ಮೇಲೆ ಒಂದು ಸುತ್ತು ಬರುತ್ತವೆ, ಎಲ್ಲ ಗೋಜಲು. ಮೇಲೇರುತ್ತಾ ಏರುತ್ತಾ ಗೋಜಲು ಬಿಡಿಸಿಕೊಂಡು ಓರೆ ಸಾಲಾಗುತ್ತದೆ. ಆಗ ನಾಲ್ಕೈದು ಹಕ್ಕಿ ಸಾಲು ಬಿಟ್ಟು ವಾಪಸ್ ಕೆಸರಿಗೆ ಇಳಿಯುತ್ತವೆ, ಇನ್ನೂ ತೂಕ ಸಾಲದವು ಇರಬಹುದು. ಉಳಿದವು ಏರುತ್ತಲೇ ಹೋಗುತ್ತವೆ. ಸಾಲು ಕಾಣದಾದ ಮೇಲೂ ಸ್ವಲ್ಪ ಹೊತ್ತು ಕೂಗು ಕೇಳಿಸುತ್ತದೆ. ಕೆಳಗೆ, ವಾಪಸ್ ಬಂದವು ಆಗಲೇ ತಲೆ ತಗ್ಗಿಸಿ ತಿನ್ನುತ್ತಿರುತ್ತವೆ.